ಶಮೀವೃಕ್ಷದ ಪಾಠ



ಮಹಾನವಮಿಯ ಆಯುಧಪೂಜೆ ಹಿರಿಯರಿಂದ ನಮಗೆ ಬಂದ ಸಂಪ್ರದಾಯ. ನೇಗಿಲು, ತಕ್ಕಡಿ, ಲೇಖನಿಗಳಿಗೆ ಸಲ್ಲುತ್ತಿದ್ದ ಅರಿಸಿನ ಕುಂಕುಮಗಳು ಈ ಮಹಾನಗರದಲ್ಲಿ ಕಚೇರಿಯ ಕಂಪ್ಯೂಟರಿಗೂ ಸಲ್ಲುತ್ತಿವೆ. ಅದು ಯುಕ್ತವೇ, ಅನ್ನವನ್ನು ದೊರಕಿಸುವ ಸಾಧನ ಪೂಜ್ಯವಾದುದು. ಆದರೆ ಇಂದು ಆ ಕಂಪ್ಯೂಟರಿನೊಳಗೆ ಕೃತಕ ಬುದ್ಧಿಮತ್ತೆ ಎಂಬ ಹೊಸ ಆಯುಧ ನೆಲೆಸಿದೆ. ಅದು ಪತ್ರ ಬರೆಯುತ್ತದೆ, ಕಡತ ಓದುತ್ತದೆ, ಕೇಳಿದ್ದಕ್ಕೆ ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತದೆ. ಕೈಯ ಭಾರವನ್ನು ಇಳಿಸಿದ ಆಯುಧಗಳನ್ನು ನಾವು ಬಲ್ಲೆವು. ಇದು ತೀರ್ಮಾನದ ಭಾರವನ್ನೇ ಹೊರಲು ಮುಂದೆ ಬಂದಿದೆ.

2023ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಫೆಡರಲ್ ನ್ಯಾಯಾಲಯಕ್ಕೆ ವಕೀಲರು ಸಲ್ಲಿಸಿದ ಒಂದು ವಾದಪತ್ರದಲ್ಲಿ ಉದ್ಧರಿಸಿದ್ದ ಹಲವು ಪೂರ್ವತೀರ್ಪುಗಳು ಎಲ್ಲಿಯೂ ಇರಲೇ ಇಲ್ಲ. ಚಾಟ್‌ಜಿಪಿಟಿ ಅವನ್ನು ಕಲ್ಪಿಸಿಕೊಟ್ಟಿತ್ತು. ನ್ಯಾಯಾಧೀಶರು ವಕೀಲರಿಗೂ ಅವರ ಸಂಸ್ಥೆಗೂ ಕೂಡಿ 5,000 ಡಾಲರ್ ದಂಡ ವಿಧಿಸಿದರು. ಯಂತ್ರವನ್ನು ಕಟಕಟೆಯಲ್ಲಿ ನಿಲ್ಲಿಸಲಾಗದು. ಸಹಿ ಮಾಡಿದವನೇ ಉತ್ತರ ಹೇಳಬೇಕು.

2025ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪೋಲೆಂಡ್ ದೇಶದ ಅಧ್ಯಯನ ಇನ್ನೂ ಗಂಭೀರವಾದುದು. ಅನುಭವಿ ವೈದ್ಯರು ಯಂತ್ರದ ನೆರವಿಲ್ಲದೆ ನಡೆಸಿದ ದೊಡ್ಡ ಕರುಳಿನ ಪರೀಕ್ಷೆಗಳಲ್ಲಿ, ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟುಗಳು ಮೊದಲು ನೂರಕ್ಕೆ ಸುಮಾರು 28ರಲ್ಲಿ ಕಂಡುಬರುತ್ತಿದ್ದವು. ಕೃತಕ ಬುದ್ಧಿಮತ್ತೆ ಬಳಕೆಗೆ ಬಂದ ಮೇಲೆ, ಅದಿಲ್ಲದೆ ನಡೆಸಿದ ಪರೀಕ್ಷೆಗಳಲ್ಲಿ ಅದು ಸುಮಾರು 22ಕ್ಕೆ ಇಳಿಯಿತು. ಒಂದೇ ಅಧ್ಯಯನದಿಂದ ಎಲ್ಲವೂ ಸಿದ್ಧವಾಗದು. ಆದರೂ ಬಳಸದ ದೃಷ್ಟಿ ಮಂದವಾದೀತೆಂಬ ಶಂಕೆಗೆ ಅದು ಆಧಾರವಾಗಿದೆ.

ವಿರಾಟಪರ್ವವನ್ನು ಸ್ಮರಿಸೋಣ. ಅಜ್ಞಾತವಾಸದ ಒಂದು ವರ್ಷ ಪಾಂಡವರ ಆಯುಧಗಳು ಶಮೀವೃಕ್ಷದ ಮೇಲಿದ್ದವು. ಅರ್ಜುನನು ಬೃಹನ್ನಳೆಯಾಗಿ ನಾಟ್ಯ ಕಲಿಸುತ್ತಿದ್ದನು. ಗಾಂಡೀವವನ್ನು ಮತ್ತೆ ಕೈಗೆತ್ತಿಕೊಂಡಾಗ ಅವನೊಬ್ಬನೇ ಕೌರವಸೇನೆಯನ್ನು ಹಿಮ್ಮೆಟ್ಟಿಸಿದನು. ಮರದ ಮೇಲಿದ್ದುದು ಬಿಲ್ಲು. ವಿದ್ಯೆ ಅವನಲ್ಲಿಯೇ ಇತ್ತು.

ಅದೇ ಗಾಂಡೀವ ಕುರುಕ್ಷೇತ್ರದಲ್ಲಿ ಅವನ ಕೈಯಿಂದ ಜಾರಿತು. ಬಿಲ್ಲಿನಲ್ಲಿ ದೋಷವಿರಲಿಲ್ಲ, ಮಾಡತಕ್ಕುದೇನೆಂಬ ನಿರ್ಣಯ ಕದಡಿತ್ತು. ಆಗ ಭಗವಂತನು ಗೀತೆಯನ್ನು ಉಪದೇಶಿಸಿ, 18ನೆಯ ಅಧ್ಯಾಯದ ಕೊನೆಯ ಭಾಗದಲ್ಲಿ, ಹೇಳಿದ್ದೆಲ್ಲವನ್ನೂ ವಿಮರ್ಶಿಸಿ ಇಷ್ಟವಾದಂತೆ ನಡೆಯುವ ಹೊಣೆಯನ್ನು ಅರ್ಜುನನಿಗೇ ಬಿಟ್ಟನು. ಸರ್ವಜ್ಞನಾದ ಸಾರಥಿಯೇ ಶಿಷ್ಯನ ವಿಮರ್ಶೆಯನ್ನು ಕಸಿದುಕೊಳ್ಳಲಿಲ್ಲವೆಂದ ಮೇಲೆ, ತಪ್ಪಬಲ್ಲ ಯಂತ್ರಕ್ಕೆ ನಾವಾಗಿಯೇ ಅದನ್ನು ಒಪ್ಪಿಸಿಬಿಡುವುದು ಸರಿಯೇ?

ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯಂದು ಮತ್ತೆ ಹಿಡಿಯುವಾಗ ಹೀಗೆ ಸಂಕಲ್ಪಿಸೋಣ: ಮೊದಲು ನಾವು ಯೋಚಿಸಿ, ಬಳಿಕ ಯಂತ್ರವನ್ನು ಕೇಳೋಣ, ಅದು ಕೊಟ್ಟದ್ದನ್ನು ಮೂಲದೊಡನೆ ಹೋಲಿಸೋಣ, ಅರ್ಥವಾಗದ್ದಕ್ಕೆ ಸಹಿ ಹಾಕದಿರೋಣ. ಮಕ್ಕಳಿಗೂ ಈ ಕ್ರಮವನ್ನೇ ಕಲಿಸೋಣ. ಬುದ್ಧಿರೂಪಿಣಿಯಾದ ಜಗನ್ಮಾತೆಗೆ ಅದೇ ನಿಜವಾದ ನೈವೇದ್ಯ. ತಾಯಿ ಚಾಮುಂಡೇಶ್ವರಿ ನಮ್ಮೆಲ್ಲರ ವಿವೇಕವನ್ನು ಕಾಪಾಡಲಿ.