ಒಂದೇ ಊರಿನ ಎರಡು ಲೆಕ್ಕ

2020ರ ಏಪ್ರಿಲ್ ಹೊತ್ತಿಗೆ ನಾವೆಲ್ಲ ಕೋವಿಡ್ ಸೋಂಕಿತರ ದೇಶವಾರು ಪಟ್ಟಿ ನೋಡುವವರಾಗಿಬಿಟ್ಟಿದ್ದೆವು. ಬೆಳಿಗ್ಗೆ ಎದ್ದರೆ ಇಟಲಿಯಲ್ಲಿ ಎಷ್ಟು, ಸ್ಪೇನಿನಲ್ಲಿ ಎಷ್ಟು, ನಮ್ಮಲ್ಲಿ ಎಷ್ಟು. ಅಂಕಿಗಳ ಬೆನ್ನಿಗೇ ಕಾರಣಗಳೂ ಹುಟ್ಟಿಕೊಂಡವು. ಬಿಸಿಲ ನಾಡಿನಲ್ಲಿ ವೈರಸ್ ಉಳಿಯುವುದಿಲ್ಲ, ಬಿಸಿಜಿ ಚುಚ್ಚುಮದ್ದು ಹಾಕಿಸಿಕೊಂಡವರಿಗೆ ಭಯವಿಲ್ಲ, ಅಪ್ಪಿಕೊಳ್ಳದೆ ಕೈಮುಗಿಯುವವರು ಬಚಾವು, ಪೂರ್ವದೇಶಗಳ ಜನ ಹೇಳಿದ ಮಾತು ಕೇಳುತ್ತಾರೆ ಎಂದೆಲ್ಲ. ಒಂದೊಂದು ದೇಶಕ್ಕೂ ಒಂದು ಸ್ವಭಾವವಿದೆ, ರೋಗ ಅದಕ್ಕೆ ತಕ್ಕಂತೆ ನಡೆಯುತ್ತದೆ ಎಂಬ ನಂಬಿಕೆ ಈ ಮಾತುಗಳ ತಳದಲ್ಲಿತ್ತು. ಆ ನಂಬಿಕೆಯನ್ನು ನಾವು ಇನ್ನೂ ಪೂರ್ತಿ ಬಿಟ್ಟಿಲ್ಲ.

ಅದೇ ವರ್ಷ ಜುಲೈನಲ್ಲಿ ಮುಂಬೈಯ ಮೂರು ವಾರ್ಡ್‌ಗಳಲ್ಲಿ ಜನರ ರಕ್ತ ಪರೀಕ್ಷಿಸಿದರು. ಕೊಳೆಗೇರಿಗಳಲ್ಲಿ ನೂರಕ್ಕೆ 57 ಮಂದಿಗೆ ಸೋಂಕು ತಗುಲಿ ಹೋಗಿತ್ತು. ಅದೇ ವಾರ್ಡ್‌ಗಳ ಉಳಿದ ಮನೆಗಳಲ್ಲಿ ನೂರಕ್ಕೆ 16. ಬಿಸಿಲು ಒಂದೇ, ಲಾಕ್‌ಡೌನ್ ಒಂದೇ, ಪಾಲಿಕೆಯೂ ಒಂದೇ. ಬೇರೆಯಾಗಿದ್ದದ್ದು ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಎಷ್ಟು ಮನೆಗೆ ಒಂದು ಶೌಚಾಲಯ ಎಂಬುದು. ರಸ್ತೆಯ ಈಚೆಗೂ ಆಚೆಗೂ ಇಷ್ಟು ಅಂತರವಿದ್ದಾಗ, ಇಡೀ ದೇಶಕ್ಕೆ ಒಂದೇ ಅಂಕಿ ಬರೆದು ಅದಕ್ಕೆ ಒಂದೇ ಕಾರಣ ಹುಡುಕುವುದರಲ್ಲಿ ಏನರ್ಥ?

ಸಿಂಗಪುರದಲ್ಲಿ ಈ ಸೀಳು ಇನ್ನೂ ಆಳ. 2003ರಲ್ಲಿ ಸಾರ್ಸ್ ಸಾಂಕ್ರಾಮಿಕ ಕಂಡಿದ್ದ ಆ ದೇಶ ಮೊದಲ ಎರಡು ತಿಂಗಳು ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ತೆಗೆದ ರೀತಿಯನ್ನು ಜಗತ್ತು ಹೊಗಳಿತು. ಏಪ್ರಿಲ್‌ನಲ್ಲಿ ರೋಗ ವಲಸೆ ಕಾರ್ಮಿಕರ ಡಾರ್ಮಿಟರಿಗಳಲ್ಲಿ ಭುಗಿಲೆದ್ದಿತು. ತಮಿಳುನಾಡು, ಬಾಂಗ್ಲಾದೇಶ, ಚೀನಾ ಕಡೆಗಳಿಂದ ಬಂದು ಕಟ್ಟಡ ಕಟ್ಟುವ, ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುವ ಗಂಡಸರು ಅಲ್ಲಿದ್ದರು. ಒಂದು ಕೋಣೆಯಲ್ಲಿ ಹನ್ನೆರಡು, ಕೆಲವೆಡೆ ಇಪ್ಪತ್ತು ಜನ. ಮೇಲೊಂದು ಕೆಳಗೊಂದು ಹಾಸಿಗೆ, ಮಂಚದ ಸರಳಿಗೆ ನೇತುಹಾಕಿದ ಒದ್ದೆ ಬಟ್ಟೆ, ಎಲ್ಲರೂ ಹಂಚಿಕೊಳ್ಳುವ ಸ್ನಾನದ ಮನೆ, ಸರದಿ ಕಾಯಬೇಕಾದ ಒಲೆ. ಬೆಳಗಾದರೆ ಲಾರಿಯ ಹಿಂಬದಿಯಲ್ಲಿ ಒತ್ತೊತ್ತಾಗಿ ಕೂತು ಕೆಲಸಕ್ಕೆ ಹೊರಡಬೇಕು. ಏಪ್ರಿಲ್ 5ರಂದು ಅಂಥ ಎರಡು ಡಾರ್ಮಿಟರಿಗಳ ಸುಮಾರು ಇಪ್ಪತ್ತು ಸಾವಿರ ಜನರನ್ನು ಒಳಗೇ ಇರಿಸಿ ಬಾಗಿಲು ಹಾಕಲಾಯಿತು.

ಆಗಿನ ಸರ್ಕಾರಿ ಬುಲೆಟಿನ್‌ಗಳು ನನ್ನನ್ನು ಬಹಳ ಕಾಡುತ್ತವೆ. ದಿನದ ಸೋಂಕಿತರನ್ನು ಅವು ಬೇರೆ ಬೇರೆಯಾಗಿ ಎಣಿಸುತ್ತಿದ್ದವು: ಸಮುದಾಯದಲ್ಲಿ ಇಷ್ಟು, ಡಾರ್ಮಿಟರಿಗಳಲ್ಲಿ ಇಷ್ಟು. ಸಾಂಕ್ರಾಮಿಕ ರೋಗಶಾಸ್ತ್ರದ ದೃಷ್ಟಿಯಿಂದ ಅದು ಪ್ರಾಮಾಣಿಕ ಲೆಕ್ಕ, ಎಷ್ಟೋ ದೇಶಗಳು ಅಷ್ಟನ್ನೂ ಹೇಳಲಿಲ್ಲ. ಆದರೆ ಆ ಊರಿನ ಗೋಡೆಗಳನ್ನೆಲ್ಲ ಕಟ್ಟಿದವರು ಸಮುದಾಯದ ಲೆಕ್ಕದ ಆಚೆಗಿದ್ದರು. 2020 ಮುಗಿಯುವಾಗ ದೇಶದ ಸುಮಾರು 58,600 ಪ್ರಕರಣಗಳಲ್ಲಿ 54,000ಕ್ಕೂ ಹೆಚ್ಚು ಡಾರ್ಮಿಟರಿಗಳದ್ದು. ರಕ್ತಪರೀಕ್ಷೆಯನ್ನೂ ಸೇರಿಸಿ ನೋಡಿದಾಗ ಅಲ್ಲಿದ್ದವರಲ್ಲಿ ನೂರಕ್ಕೆ 47 ಮಂದಿಗೆ ಸೋಂಕು ತಗುಲಿತ್ತು. ಸತ್ತವರು ತೀರಾ ಕಡಿಮೆ, ಏಕೆಂದರೆ ಅವರು ಯುವಕರು. ಡಾರ್ಮಿಟರಿಗಳಲ್ಲಿ ರೋಗ ಭುಗಿಲೇಳುವ ಕೆಲವೇ ವಾರಗಳ ಹಿಂದೆ ಇದೇ ವೈರಸ್ ಇಟಲಿಯ ಬೆರ್ಗಾಮೊದಲ್ಲಿ ವೃದ್ಧರನ್ನು ಸಾಲುಸಾಲಾಗಿ ಕೊಂದಿತ್ತು. ಇಟಲಿಯಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ 65 ವರ್ಷ ದಾಟಿದೆ. ಸಿಂಗಪುರದ ಉಳಿದ ಜನ ಹೋಟೆಲು, ಅಂಗಡಿಗೆ ಮರಳಿದ ಎಷ್ಟೋ ತಿಂಗಳ ಮೇಲೂ ಕಾರ್ಮಿಕರಿಗೆ ತಮ್ಮಿಷ್ಟದಂತೆ ಹೊರಗೆ ಹೋಗುವ ಅವಕಾಶ ಇರಲಿಲ್ಲ.

ಬಡತನವೇ ರೋಗವನ್ನು ಕರೆಯಿತು ಎಂದರೂ ತಪ್ಪಾಗುತ್ತದೆ. ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ವೃಂದಗಾನದ ತಂಡದವರು ಎರಡೂವರೆ ಗಂಟೆ ಒಂದೇ ಕಟ್ಟಡದಲ್ಲಿ ಅಭ್ಯಾಸ ಮಾಡಿದರು. ಬಂದಿದ್ದ 61 ಜನರಲ್ಲಿ 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಮುಚ್ಚಿದ ಕೋಣೆಯಲ್ಲಿ ಹಲವರು ಹಂಚಿಕೊಂಡ ಉಸಿರೇ ಅಲ್ಲಿಯೂ ಕೆಲಸ ಮಾಡಿತು. ವ್ಯತ್ಯಾಸ ಇಷ್ಟೇ: ಹಾಡುವವರು ಮುಂದಿನ ವಾರದ ಅಭ್ಯಾಸವನ್ನು ರದ್ದು ಮಾಡಬಹುದು. ಡಾರ್ಮಿಟರಿಯವನಿಗೆ ಆ ಕೋಣೆಯೇ ಮನೆ.

ಅದೃಷ್ಟದ ಪಾಲನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಸೋಂಕಿತರಲ್ಲಿ ಹೆಚ್ಚಿನವರು ರೋಗವನ್ನು ಯಾರಿಗೂ ದಾಟಿಸುವುದಿಲ್ಲ, ಕೆಲವೇ ಕೆಲವರು ಹತ್ತಾರು ಜನಕ್ಕೆ ದಾಟಿಸುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಮೊದಲ ಮೂವತ್ತು ಸೋಂಕಿತರಿದ್ದಾಗ ಪರಿಸ್ಥಿತಿ ಹತೋಟಿಯಲ್ಲಿತ್ತು. ಫೆಬ್ರವರಿ 18ರಂದು ದೇಗು ನಗರದಲ್ಲಿ ಮೂವತ್ತೊಂದನೆಯವರು ಪತ್ತೆಯಾದರು. ಆಕೆ ಹೋಗುತ್ತಿದ್ದ ಪಂಥದ ಪ್ರಾರ್ಥನೆಯಲ್ಲಿ ಜನ ನೆಲದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಆ ಪಂಥದ ನಂಟಿರುವ ಪ್ರಕರಣಗಳು ಐದು ಸಾವಿರ ದಾಟಿದವು. ದೇಶವೆಲ್ಲ ಆ ಹೆಂಗಸಿನತ್ತ ಬೆರಳು ತೋರಿಸಿತು. ಆಕೆಗೂ ರೋಗ ಆ ಪ್ರಾರ್ಥನೆಯಲ್ಲೇ ಅಂಟಿರಬಹುದಿತ್ತು. ದೈವ, ಪುರುಷಪ್ರಯತ್ನ ಎಂದು ನಮ್ಮ ಹಿರಿಯರು ಜೋಡಿಸಿ ಹೇಳುವುದು ಇಂಥಲ್ಲಿ ನೆನಪಾಗುತ್ತದೆ. ದೇಗು ಕೊರಿಯಾದ ಪಾಲಿಗೆ ದೈವದ ಪೆಟ್ಟು. ಆ ಪೆಟ್ಟನ್ನು ತಡೆದುಕೊಂಡದ್ದು 2015ರ ಕಹಿ ಅನುಭವದಿಂದ. ಆಗ ಮರ್ಸ್ ಎಂಬ ಸೋಂಕು 186 ಜನರಿಗೆ ತಗುಲಿ 38 ಮಂದಿಯನ್ನು ಕೊಂದಿತ್ತು. ಆಮೇಲೆ ಕಾನೂನು ತಿದ್ದಿ, ತುರ್ತಿನಲ್ಲಿ ಪರೀಕ್ಷಾ ಕಿಟ್‌ಗಳಿಗೆ ಬೇಗ ಅನುಮತಿ ಕೊಡುವ ದಾರಿ ಮಾಡಿಕೊಂಡಿದ್ದರು.

ಹಾಗೆಂದು ಒಮ್ಮೆ ಗೆದ್ದದ್ದು ಯಾವ ದೇಶಕ್ಕೂ ಶಾಶ್ವತವಾಗಿ ಉಳಿಯಲಿಲ್ಲ. ವಿಯೆಟ್ನಾಂನಲ್ಲಿ 2021ರ ಏಪ್ರಿಲ್‌ವರೆಗೆ ಸತ್ತವರು 35 ಮಂದಿ. ವರ್ಷ ಮುಗಿಯುವಷ್ಟರಲ್ಲಿ ಮೂವತ್ತು ಸಾವಿರ ದಾಟಿತು. ಜನರ ಶಿಸ್ತು ಆ ಕೆಲವೇ ತಿಂಗಳಲ್ಲಿ ಮಾಯವಾಗಿರಲಿಲ್ಲ. ವೇಗವಾಗಿ ಹರಡುವ ಡೆಲ್ಟಾ ತಳಿ ಬಂದಾಗ ಲಸಿಕೆ ಸಿಕ್ಕವರು ಕಡಿಮೆ ಇದ್ದರು. ಆಗ ರೋಗ ಹೊಕ್ಕಿದ್ದು ಹೋ ಚಿ ಮಿನ್ ನಗರದ, ಬಿನ್ ಡುವಾಂಗ್ ಪ್ರಾಂತ್ಯದ ಕಾರ್ಖಾನೆ ಕಾರ್ಮಿಕರು ಬಾಡಿಗೆಗಿದ್ದ ಇಕ್ಕಟ್ಟಾದ ಕೋಣೆಗಳಿಗೆ. ಕೆಲಸ, ಊಟ, ನಿದ್ದೆ ಮೂರೂ ಕಾರ್ಖಾನೆಯೊಳಗೇ ಆಗಲಿ ಎಂಬ ನಿಯಮವೂ ಬಂತು. ಅಕ್ಟೋಬರ್ ಮೊದಲಲ್ಲಿ ನಿರ್ಬಂಧ ಸಡಿಲವಾದದ್ದೇ ತಡ, ಸಾವಿರಾರು ಜನ ಮಕ್ಕಳುಮರಿ, ಗಂಟುಮೂಟೆ ಸಮೇತ ಬೈಕ್ ಹತ್ತಿ ಮೆಕಾಂಗ್ ಬಯಲಿನ ತಮ್ಮ ಊರುಗಳಿಗೆ ಹೊರಟರು. ಮೊದಲು ತಡೆದ ಪೊಲೀಸರೇ ಆಮೇಲೆ ಮುಂದೆ ನಿಂತು ಸಾಗಹಾಕಿದರು. ಅವರು ಸೇರಿದ ಊರುಗಳಲ್ಲೂ ಸೋಂಕು ಏರಿತು. ತಿಂಗಳುಗಟ್ಟಲೆ ಸಂಬಳವಿಲ್ಲದೆ, ಬಾಡಿಗೆ ಬಾಕಿ ಬೆಳೆಸಿಕೊಂಡು ಕೂತಿದ್ದವರು ಅವರು. ಆ ವರ್ಷದ ಕೊನೆಯಲ್ಲಿ ಅಲ್ಲಿ ರೋಗ ಯಾವ ದಿಕ್ಕಿಗೆ ಹರಡಬೇಕು ಎಂಬುದನ್ನು ಅರ್ಧಕ್ಕರ್ಧ ತೀರ್ಮಾನಿಸಿದ್ದು ಆ ಬಾಡಿಗೆ ಬಾಕಿಯೇ ಎಂದು ನನಗೆ ತೋರುತ್ತದೆ.