ಬೀಳಲೆಂದೇ ಬಂದ ಅಕ್ಷರ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ, ಕೇದಾರೇಶ್ವರ ದೇಗುಲದ ಬಳಿ ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಅಲ್ಲಿ ಏನೇನು ಓದಿಸುತ್ತಿದ್ದರೆಂದು 1162ರ ಶಾಸನ ಹೇಳುತ್ತದೆ. ವೇದ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಜೊತೆಗೆ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ಹೆಸರುಗಳೂ ಅದರಲ್ಲಿವೆ. ಪಾಣಿನಿ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಸಂಸ್ಕೃತವನ್ನೆಲ್ಲ ಹಿಡಿದಿಟ್ಟ ಮೇಲೆ ಕಾತಂತ್ರವೆಂದೂ ಕರೆಯುವ ಶರ್ವವರ್ಮನ ಕೌಮಾರ ಯಾಕೆ ಬೇಕಾಯಿತು? ಹೊಸದಾಗಿ ಕಲಿಯುವವರಿಗಾಗಿ. ಪಾಣಿನಿ ತನ್ನ ಅನುಕೂಲಕ್ಕೆ ಅಕ್ಷರಗಳ ಸಾಲನ್ನೇ ಬದಲಿಸಿಕೊಂಡಿದ್ದ. ಕಾತಂತ್ರ ಎಲ್ಲರಿಗೂ ಗೊತ್ತಿದ್ದ ವರ್ಣಮಾಲೆಗೆ ಮರಳಿತು. ಪಾಠ ಬದಲಾದರೂ 'ಭವತಿ' (ಆಗುತ್ತದೆ) ಭವತಿಯಾಗಿಯೇ ಉಳಿಯಿತು. ಹಾಗಾದರೆ ತಿದ್ದುಪಡಿಯಾದದ್ದು ಯಾವುದಕ್ಕೆ, ಮತ್ತು ಅದು ನಿಜವಾಗಿ ಇರುವ ವಸ್ತುವೇ?

'ಭವತಿ' ಹುಟ್ಟುವ ಬಗೆಯನ್ನೇ ನೋಡಿ. 'ಭೂ' ಧಾತುವಿನ ಮುಂದೆ 'ಲಟ್', ಅದರ ಜಾಗಕ್ಕೆ 'ತಿಪ್', ನಡುವೆ 'ಶಪ್' ಎಂಬ ಪ್ರತ್ಯಯಗಳು ಬರುತ್ತವೆ. ಶಪ್‌ನ ಶಕಾರ ಪಕಾರಗಳನ್ನು ಯಾರೂ ಉಚ್ಚರಿಸುವುದಿಲ್ಲ. ಉಳಿಯುವುದು ಬರೀ ಅಕಾರ. ಆದರೂ ಪಕಾರದ ಗುರುತಿದ್ದುದರಿಂದಲೇ 'ಭೂ' ಅಡ್ಡಿಯಿಲ್ಲದೆ 'ಭೋ' ಆಗಿ, ಆಮೇಲೆ 'ಭವ್' ಆಗುತ್ತದೆ. 'ತುದತಿ'ಯಲ್ಲಿ ಬರುವ 'ಶ' ಪ್ರತ್ಯಯಕ್ಕೆ ಪಕಾರವಿಲ್ಲ, ಹಾಗಾಗಿ ಅದು 'ತೋದತಿ' ಆಗುವುದಿಲ್ಲ. ಬೀಳಲೆಂದೇ ಬಂದ ಅಕ್ಷರ, ಬೀಳುವ ಮೊದಲು ಕೆಲಸ ಮುಗಿಸಿರುತ್ತದೆ. ಇವತ್ತಿನ ಕಂಪೈಲರ್‌ಗಳೂ ಹೀಗೆಯೇ. ನಾವು ಬರೆದ ಪ್ರೋಗ್ರಾಮಿಗೂ ಯಂತ್ರದ ಆದೇಶಗಳಿಗೂ ನಡುವೆ ಮಧ್ಯಂತರ ಕೋಡ್ ಒಂದಿರುತ್ತದೆ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ವ್ಯವಸ್ಥೆಯಲ್ಲಿ ಅದರ ಕಟ್ಟಳೆಯಂತೆ ಒಂದು ಹೆಸರಿಗೆ ಒಂದೇ ಸಲ ಬೆಲೆ ಕೊಡಬೇಕು. ಅದರ ಆರಂಭಿಕ ಪಾಠವಾದ ಕೆಲೈಡೋಸ್ಕೋಪ್ ಕಲಿಯುವವರಿಗೆ ಸುಲಭದ ದಾರಿ ತೋರಿಸುತ್ತದೆ: ಬದಲಾಗುವ ಪ್ರತಿ ಚರಕ್ಕೂ ಮೆಮೊರಿಯಲ್ಲಿ ಜಾಗ ಕೊಡಿ, ಸಾಕು; ಆ ಜಾಗಗಳನ್ನು ಮುಂದಿನ ಹಂತವೊಂದು ಅಳಿಸಿಹಾಕುತ್ತದೆ. 2022ರಲ್ಲಿ ಬಂದ ಎಲ್‌ಎಲ್‌ವಿಎಂನ ಹದಿನೈದನೇ ಆವೃತ್ತಿಯಲ್ಲಿ ಪಾಯಿಂಟರುಗಳು ತಾವು ತೋರಿಸುವ ವಸ್ತುವಿನ ಜಾತಿ ಹೇಳುವುದನ್ನೇ ಬಿಟ್ಟವು. ಹಳೆಯ ಪಾಠಗಳನ್ನು ತಿದ್ದಬೇಕಾಯಿತು. ಎರಡಕ್ಕೆ ಎರಡು ಕೂಡಿಸಿದರೆ ಮಾತ್ರ ಮೊದಲಿನಂತೆ ನಾಲ್ಕೇ.

ಇಲ್ಲದ್ದನ್ನು ಇದೆಯೆಂದು ಕಲಿಸುವುದು ಸುಳ್ಳಲ್ಲವೇ ಎಂಬ ಆಕ್ಷೇಪ ಹಳೆಯದು. ಧಾತು, ಪ್ರತ್ಯಯಗಳ ವಿಭಾಗ ಎಳೆಯರಿಗಾಗಿ ಮಾಡಿಕೊಂಡ ಉಪಾಯ, ಅಸತ್ಯದ ದಾರಿಯಲ್ಲಿ ನಿಂತೇ ಸತ್ಯವನ್ನು ಮುಟ್ಟಬೇಕು ಎಂಬರ್ಥದ ಮಾತನ್ನು ಭರ್ತೃಹರಿ ವಾಕ್ಯಪದೀಯದಲ್ಲಿ ಹೇಳಿಬಿಟ್ಟಿದ್ದಾನೆ. ಮಾತನ್ನು ಅಷ್ಟೊಂದು ಶಂಕಿಸಿದ, ಬಳ್ಳಿಗಾವಿಯವನೆಂದೇ ಪರಂಪರೆ ಹೇಳುವ ಅಲ್ಲಮನೂ ಆ ಶಂಕೆಯನ್ನು ವಚನಗಳಲ್ಲೇ ಆಡಬೇಕಾಯಿತು. ಹಾಗಿದ್ದರೆ ಯಾವ ಉಪಾಯವಾದರೂ ನಡೆದೀತಲ್ಲ ಎಂದು ಕೇಳಬಹುದು. ನಡೆಯುವುದಿಲ್ಲ. ಶಪ್‌ನಿಂದ ಪಕಾರ ಕಿತ್ತರೆ ಪದವೇ ಕೆಡುತ್ತದೆ. ಕಲ್ಪಿತವಾದದ್ದಕ್ಕೂ ಲೆಕ್ಕ ಒಪ್ಪಿಸುವ ಹೊಣೆಯಿದೆ, ಆ ಲೆಕ್ಕವೇ ತಿದ್ದುವವನಿಗೂ ಗಡಿ. ನನ್ನ ಮಟ್ಟಿಗೆ ಮೋಸವಾಗುವುದು ಉಪಾಯವನ್ನು ಕಲಿಸಿದಾಗಲ್ಲ, ಅದು ಎಲ್ಲಿ ಉದುರುತ್ತದೆಂಬುದನ್ನು ಮುಚ್ಚಿಟ್ಟಾಗ. ಆರಂಭಿಕರ ಪಾಠ ತಿದ್ದಲು ಕೂತವರು ಹೆಚ್ಚಾಗಿ ಕಲ್ಪನೆಗಳನ್ನೆಲ್ಲ ಕಿತ್ತೆಸೆದು ಪಾಠವನ್ನು ಸತ್ಯವಾಗಿಸಲು ಹೊರಡುತ್ತಾರೆ. ಆಮೇಲೆ ಅದನ್ನು ಓದಬಲ್ಲವರು ಮೊದಲೇ ಬಲ್ಲವರು ಮಾತ್ರ. ಕಲ್ಪನೆ ಇರಲಿ, ಇಂಥಲ್ಲಿ ಇದು ಬೀಳುತ್ತದೆ ಎಂಬ ಒಂದು ಸಾಲು ಸೇರಿಸಿದರೆ ಆಯಿತು.

ಕೋಡಿಯ ಮಠದ ಪಟ್ಟಿಯಲ್ಲಿ ಕೌಮಾರ ಮೊದಲು, ಪಾಣಿನೀಯ ಆಮೇಲೆ. ಬೇಕೆಂದೇ ಇಟ್ಟ ಕ್ರಮವೋ, ಬರೆದವನ ಬಾಯಿಗೆ ಹಾಗೆ ಬಂತೋ. ಎರಡರ ಪಾಠವೂ ಒಂದೇ ಸೂರಿನಡಿ ನಡೆಯುತ್ತಿತ್ತು.