ಆರು ಗಂಟೆಯ ಅತಿಥಿ



ನಾರ್ವೆ ದೇಶದ ಪಶ್ಚಿಮ ಕರಾವಳಿಯಲ್ಲಿ ಗೈರಾಂಗರ್ ಎಂಬ ಪುಟ್ಟ ಹಳ್ಳಿಯೊಂದಿದೆ. ಸುತ್ತಲೂ ಕಡಿದಾದ ಪರ್ವತಗಳು. ಅವುಗಳ ನಡುವೆ ಸುಮಾರು 15 ಕಿಲೋಮೀಟರ್ ಒಳಕ್ಕೆ ಚಾಚಿಕೊಂಡ ಕಡಲಿನ ಕಿರಿದಾದ ತೋಳು. ಹಿಮಯುಗದಲ್ಲಿ ಹಿಮನದಿಗಳು ಕೊರೆದ ಕಣಿವೆಗಳಿಗೆ ಮುಂದೆ ಸಮುದ್ರದ ನೀರು ನುಗ್ಗಿ ಉಂಟಾದ ಇಂತಹ ಕೊಲ್ಲಿಗಳನ್ನು ಆ ನಾಡಿನವರು ‘ಫಿಯೋರ್ಡ್’ ಎಂದು ಕರೆಯುತ್ತಾರೆ. ಚಳಿಗಾಲದಲ್ಲಿ ಈ ಹಳ್ಳಿಯಲ್ಲಿ ನೆಲೆಸಿರುವವರು ಸುಮಾರು 250 ಮಂದಿ ಮಾತ್ರ. ಬೇಸಿಗೆ ಬಂತೆಂದರೆ 3,000ಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತ ಕ್ರೂಸ್ ಹಡಗು ಬೆಳಗಿನ ಹೊತ್ತು ಅಲ್ಲಿಗೆ ಬಂದು ಲಂಗರು ಹಾಕುತ್ತದೆ. ಕೆಲವು ದಿನ ಒಂದಕ್ಕಿಂತ ಹೆಚ್ಚು ಹಡಗುಗಳು ನಿಲ್ಲುವುದೂ ಉಂಟು. ಜನರು ದಡಕ್ಕಿಳಿಯುತ್ತಾರೆ, ಬಸ್ಸಿನಲ್ಲಿ ಬೆಟ್ಟ ಹತ್ತುತ್ತಾರೆ, ಜಲಪಾತದ ಚಿತ್ರ ತೆಗೆಯುತ್ತಾರೆ. ಸಂಜೆಯಾಗುವಷ್ಟರಲ್ಲಿ ಹಡಗಿನ ಕಹಳೆ ಮೊಳಗುತ್ತದೆ. ಮರುದಿನ ಅವರು ಕಣ್ತೆರೆಯುವುದು ಇನ್ನೊಂದು ಬಂದರಿನಲ್ಲಿ: ಓಲೆಸುಂಡ್, ಫ್ಲೋಮ್ ಅಥವಾ ಬರ್ಗನ್.

ಹೀಗೆ ಬಂದು ಹೋಗುವವರನ್ನು ನಾವು ಏನೆಂದು ಕರೆಯೋಣ? ಅತಿಥಿಗಳೆನ್ನಬಹುದೇ? ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಹಿರಿಯರು ಆ ಪದವನ್ನು ಬಿಡಿಸಿ ಹೇಳಿದ್ದಾರೆ. ಕ್ರೂಸ್ ಹಡಗಾದರೋ ತಿಥಿಯನ್ನಷ್ಟೇ ಅಲ್ಲ, ಗಂಟೆಯನ್ನೂ ಗೊತ್ತುಮಾಡಿಕೊಂಡು ಬರುತ್ತದೆ. ಅತಿಥಿಯನ್ನು ಹೇಗೆ ಸತ್ಕರಿಸಬೇಕೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಅತಿಥಿಯಾಗಿ ಹೋದವರಿಗೂ ಒಂದು ಧರ್ಮವಿದೆಯೇ? ಹಣ ಕೊಟ್ಟು ಟಿಕೆಟ್ ಪಡೆದ ಮಾತ್ರಕ್ಕೆ ನಮ್ಮ ಋಣ ತೀರಿತೇ? ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಪ್ರವಾಸವೇ ತಪ್ಪೆಂದು ನಾನು ಹೇಳಲಾರೆ. ಜೀವಮಾನವಿಡೀ ದುಡಿದ ದಂಪತಿ ಇಳಿವಯಸ್ಸಿನಲ್ಲಿ, ಮೊಣಕಾಲು ನೋವಿನ ನಡುವೆಯೂ, ಹಡಗಿನ ಮೇಲ್ಮಾಳಿಗೆಯಲ್ಲಿ ಕುಳಿತು ಹಿಮಶಿಖರವನ್ನು ನೋಡಿ ಸಂತೋಷಪಟ್ಟರೆ ಅದನ್ನು ಹಳಿಯುವುದು ಯಾವ ನೀತಿ? ಸೃಷ್ಟಿಯ ಸೊಬಗನ್ನು ಕಂಡು ಬೆರಗಾಗುವುದು ಮನುಷ್ಯನ ಒಳ್ಳೆಯ ಗುಣಗಳಲ್ಲಿ ಒಂದು. ಅಲ್ಲದೆ ಆ ಊರುಗಳ ಅಂಗಡಿ, ಬಸ್ಸು, ದೋಣಿಗಳ ಜೀವನೋಪಾಯಕ್ಕೂ ಪ್ರವಾಸಿಗರೇ ಆಧಾರ. ಫ್ಲೋಮ್ ಹಳ್ಳಿಯಿಂದ 20 ಕಿಲೋಮೀಟರ್‌ಗಳಲ್ಲಿ 860 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರುವ ರೈಲು ಮಾರ್ಗ 1940ರಲ್ಲಿ ಆರಂಭವಾಯಿತು. ಇಂದು ಅದರ ಡಬ್ಬಿಗಳನ್ನು ತುಂಬುವವರು ಬಹುಮಟ್ಟಿಗೆ ಪ್ರವಾಸಿಗರೇ. ಆದ್ದರಿಂದ ಪ್ರಶ್ನೆ ಹೋಗಬೇಕೇ ಬೇಡವೇ ಎಂಬುದಲ್ಲ; ಹೋದಾಗ ಹೇಗಿರಬೇಕು ಎಂಬುದು.

ಅತಿಥಿಯ ಮೊದಲ ಕರ್ತವ್ಯ, ತಾನು ನೋಡುತ್ತಿರುವುದು ಇನ್ನೊಬ್ಬರ ಮನೆ ಎಂಬುದನ್ನು ಅರಿಯುವುದು. ಗೈರಾಂಗರ್ ಫಿಯೋರ್ಡಿನಲ್ಲಿ ‘ಏಳು ಸೋದರಿಯರು’ ಎಂಬ ಹೆಸರಿನ ಜಲಪಾತ ಪ್ರಸಿದ್ಧವಾಗಿದೆ. ಅದರ ಪಕ್ಕದ ಬಂಡೆಯ ಅಂಚಿನಲ್ಲಿ ಕ್ನಿವ್ಸ್‌ಫ್ಲೋ ಎಂಬ ಹಳೆಯ ಒಕ್ಕಲುಮನೆಗಳಿವೆ. ಮೇಲಿನ ಬಂಡೆ ಉರುಳಬಹುದೆಂಬ ಭಯದಿಂದ 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಒಕ್ಕಲಿಗರು ಮನೆ ಬಿಟ್ಟು ಇಳಿದರು. ಎದುರು ದಡದ ಸ್ಕಾಗೆಫ್ಲೋ ಎಂಬಲ್ಲಿನ ಬೇಸಾಯಗಾರರು 1916ರಲ್ಲಿ ಊರು ತೊರೆದರು. ಆಡುತ್ತಾ ಆಡುತ್ತಾ ಪ್ರಪಾತಕ್ಕೆ ಬೀಳದಿರಲೆಂದು ಈ ಎತ್ತರದ ಮನೆಗಳ ತಾಯಂದಿರು ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರೆಂದು ಇಂದಿಗೂ ಹೇಳುತ್ತಾರೆ. ಹಡಗಿನಿಂದ ನೋಡುವವರಿಗೆ ಅದು ಚಿತ್ರದಲ್ಲಿ ಬರೆದಂತಹ ಗುಡಿಸಲು. ಆ ತಾಯಿಗೋ ಅದು ದಿನವಿಡೀ ಹಗ್ಗದ ಗಂಟನ್ನು ಪರೀಕ್ಷಿಸಬೇಕಾಗಿದ್ದ ಮನೆ.

ಆ ಭಯ ಕೇವಲ ಹಳೆಯ ಕಥೆಯೂ ಅಲ್ಲ. 1934ರ ಏಪ್ರಿಲ್ 7ರಂದು ನಸುಕಿನಲ್ಲಿ ಸಮೀಪದ ತಾಫಿಯೋರ್ಡಿನಲ್ಲಿ ಬೆಟ್ಟದ ಭಾಗವೊಂದು ಕುಸಿದು ನೀರಿಗೆ ಬಿತ್ತು. ಎದ್ದ ಅಲೆಗಳು ದಡದ ಊರುಗಳಿಗೆ ನುಗ್ಗಿ 40 ಜನರನ್ನು ಬಲಿ ತೆಗೆದುಕೊಂಡವು. ಇಂದು ಓಕೆರ್ನೆಸೆಟ್ ಎಂಬ ಬೆಟ್ಟದ ಬಿರುಕು ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಷ್ಟು ಅಗಲವಾಗುತ್ತಿದೆ. ಅದು ಕುಸಿದರೆ ಅಲೆಗಳು ಗೈರಾಂಗರ್ ಹಳ್ಳಿಯನ್ನೂ ಮುಟ್ಟುತ್ತವೆ. ಆದುದರಿಂದ ವಿಜ್ಞಾನಿಗಳು ಹಗಲಿರುಳು ಅದರ ಚಲನೆಯನ್ನು ಅಳೆಯುತ್ತಿದ್ದಾರೆ. ಇದನ್ನು ತಿಳಿದು ಆ ಬೆಟ್ಟಗಳನ್ನು ನೋಡುವವನ ನೋಟವೇ ಬೇರೆಯಾಗುತ್ತದೆ. ಅವುಗಳ ಸೊಬಗು ಕಡಿಮೆಯಾಗುವುದಿಲ್ಲ. ಆದರೆ ಅವುಗಳ ಕೆಳಗೆ ದೀಪ ಹಚ್ಚಿ ಮಲಗುವ ಕುಟುಂಬಗಳೂ ಆ ನೋಟದೊಳಗೆ ಸೇರಿಕೊಳ್ಳುತ್ತವೆ.

ಇಲ್ಲಿ ಇನ್ನೊಂದು ವಿಷಯವನ್ನು ಯೋಚಿಸಿ. ಸುಂದರವಾದುದನ್ನು ನೋಡಿದರೆ ಮನಸ್ಸು ಶುದ್ಧವಾಗುತ್ತದೆ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ 1889ರಿಂದ ಬಹುತೇಕ ಪ್ರತಿ ಬೇಸಿಗೆಯಲ್ಲೂ ತನ್ನ ನೌಕೆಯಲ್ಲಿ ಈ ಫಿಯೋರ್ಡುಗಳಿಗೆ ಬರುತ್ತಿದ್ದನು. 1904ರ ಜನವರಿ 23ರಂದು ಓಲೆಸುಂಡ್ ಪಟ್ಟಣ ಬೆಂಕಿಗೆ ಆಹುತಿಯಾಗಿ ಸುಮಾರು 10,000 ಜನರು ಚಳಿಯಲ್ಲಿ ನಿರಾಶ್ರಿತರಾದಾಗ, ಆಹಾರ ಮತ್ತಿತರ ಸಾಮಗ್ರಿಗಳನ್ನು ತುಂಬಿದ ಹಡಗುಗಳನ್ನು ಅವನು ಕಳುಹಿಸಿಕೊಟ್ಟನು. ಆ ಊರಿನ ಒಂದು ಬೀದಿಗೆ ಈಗಲೂ ಅವನ ಹೆಸರಿದೆ. ಉಂಡ ಮನೆಯನ್ನು ಮರೆಯದ ಅತಿಥಿ ಎಂದು ಅವನನ್ನು ಹೊಗಳೋಣ. ಆದರೆ 1914ರ ಜುಲೈನಲ್ಲಿ, ಯುರೋಪು ಮಹಾಯುದ್ಧದ ಅಂಚಿಗೆ ಬಂದು ನಿಂತಾಗಲೂ ಅವನು ಇದೇ ಫಿಯೋರ್ಡುಗಳಲ್ಲಿ ವಿಹರಿಸುತ್ತಿದ್ದನು. ತಿಂಗಳ ಕೊನೆಗೆ ಅವನು ತನ್ನ ದೇಶಕ್ಕೆ ಹಿಂತಿರುಗಿದನು. ಆಗಸ್ಟ್ ಆರಂಭದಲ್ಲಿ ಅವನ ಸೇನೆಗಳು ಹೊರಟವು. ಇಪ್ಪತ್ತೈದು ಬೇಸಿಗೆಗಳ ಸೊಬಗು ಅವನ ಕೈಯನ್ನು ತಡೆಯಲಿಲ್ಲ. ಸೌಂದರ್ಯವು ನಮ್ಮನ್ನು ಕರೆಯಬಲ್ಲದು, ಬದಲಾಯಿಸಲಾರದು. ಬದಲಾಗುವ ಕೆಲಸ ನಮ್ಮ ಪಾಲಿಗೇ ಉಳಿದಿದೆ. ಓಲೆಸುಂಡ್ ಜನರ ಕಷ್ಟಕ್ಕೆ ಮಿಡಿದ ಮನಸ್ಸು ತಾನು ಕಂಡಿರದ ಊರುಗಳ ಜನರಿಗಾಗಿಯೂ ಮಿಡಿಯಬೇಕಾಗಿತ್ತು.

ನಮ್ಮ ಕಣ್ಣಿಗೆ ಬೀಳದ ಜನರು ದೂರದಲ್ಲೇ ಇರಬೇಕೆಂದಿಲ್ಲ. ಅದೇ ಹಡಗಿನಲ್ಲಿಯೂ ಇದ್ದಾರೆ. ಈ ಮಾತು ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಿಗೆ ಹೊಸದಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಕ್ರೂಸ್ ಹಡಗುಗಳ ಅಡುಗೆಮನೆಯಲ್ಲಿ, ಊಟದ ಸಭಾಂಗಣದಲ್ಲಿ, ಕೊಠಡಿಗಳ ಸ್ವಚ್ಛತೆಯಲ್ಲಿ ದುಡಿಯುತ್ತಿದ್ದಾರೆ. ಅವರು ಕಳುಹಿಸಿದ ಹಣದಿಂದ ಮನೆಗಳು ಎದ್ದಿವೆ, ತಂಗಿಯರ ಮದುವೆಗಳಾಗಿವೆ. ಹಡಗು ಬಂದರಿನಲ್ಲಿ ನಿಂತಾಗ ಪ್ರಯಾಣಿಕರು ದಡಕ್ಕಿಳಿದರೂ ಮಧ್ಯಾಹ್ನದ ಊಟ ಸಿದ್ಧವಾಗಲೇಬೇಕು, ಹಾಸಿಗೆಗಳ ಹೊದಿಕೆ ಬದಲಾಗಲೇಬೇಕು. 2013ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವು ನಾವಿಕರಿಗೆ ದಿನಕ್ಕೆ ಕನಿಷ್ಠ 10 ಗಂಟೆಗಳ, ವಾರಕ್ಕೆ ಕನಿಷ್ಠ 77 ಗಂಟೆಗಳ ವಿಶ್ರಾಂತಿಯನ್ನು ವಿಧಿಸಿದೆ. ದಡಕ್ಕಿಳಿಯುವ ರಜೆಯನ್ನೂ ಮಾನ್ಯ ಮಾಡಿದೆ. ಆದರೂ ‘ಏಳು ಸೋದರಿಯರ’ ಮುಂದೆ ಹಾದುಹೋದ ಹಡಗಿನಲ್ಲಿದ್ದೂ ಆ ಜಲಪಾತವನ್ನು ನೋಡದೆ ಪಾತ್ರೆ ತೊಳೆದವರು ಎಷ್ಟು ಮಂದಿಯೋ! ನಾವು ಪ್ರಯಾಣಿಕರಾದಾಗ ನಮಗೆ ಬಡಿಸುವ ಕೈ ಯಾರದೋ ಮಗನ ಕೈ ಎಂಬುದನ್ನು ಮರೆಯಬಾರದು. ಅವನ ಹೆಸರನ್ನು ಕೇಳುವುದಕ್ಕೆ, ಊರು ಯಾವುದೆಂದು ವಿಚಾರಿಸುವುದಕ್ಕೆ ಟಿಕೆಟ್ಟಿನ ಅಗತ್ಯವಿಲ್ಲ.

ಹಾಗಾದರೆ ಅತಿಥಿಗೆ ಮಿತಿ ಎಲ್ಲಿ? ನಾರ್ವೆಯವರು ಇದಕ್ಕೆ ಬಹಳ ಸರಳವಾದ ಒಂದು ಉತ್ತರ ಕೊಟ್ಟಿದ್ದಾರೆ. ಅಲ್ಲಿ ಸಾಗುವಳಿಯಾಗದ ನೆಲ ಯಾರ ಒಡೆತನದಲ್ಲೇ ಇರಲಿ, ಅದರ ಮೇಲೆ ನಡೆದಾಡುವ ಹಕ್ಕು ಎಲ್ಲರಿಗೂ ಇದೆ. ಪರದೇಶಿಗೂ ಇದೆ. ತಲೆಮಾರುಗಳಿಂದ ಬಂದ ಈ ರೂಢಿಯನ್ನು 1957ರಲ್ಲಿ ಶಾಸನವನ್ನಾಗಿ ಮಾಡಿದರು. ಡೇರೆ ಹಾಕಿ ರಾತ್ರಿ ಕಳೆಯಲೂಬಹುದು. ಆದರೆ ಜನವಸತಿಯ ಮನೆಯಿಂದ ಕನಿಷ್ಠ 150 ಮೀಟರ್ ದೂರವಿರಬೇಕು. ಒಡೆಯನ ಅನುಮತಿಯಿಲ್ಲದೆ ಎರಡು ದಿನಕ್ಕಿಂತ ಹೆಚ್ಚು ಸಾಮಾನ್ಯವಾಗಿ ನಿಲ್ಲುವಂತಿಲ್ಲ. ಬಾಗಿಲು ತೆರೆದಿದೆ, ಆದರೆ ಒಳಕೋಣೆ ಅವರದು. ಹಕ್ಕು ಮತ್ತು ಸಂಕೋಚ ಎರಡನ್ನೂ ಒಂದೇ ಕಾಯಿದೆಯಲ್ಲಿ ಜೋಡಿಸಿದ ಈ ವಿವೇಕ ನನಗೆ ಮೆಚ್ಚುಗೆಯಾಗಿದೆ.

ಸಮುದ್ರದ ಮೇಲೆ ಬರುವ ಅತಿಥಿಗಳ ವಿಷಯದಲ್ಲಿ ಇಂತಹ ಮಿತಿಯನ್ನು ಹಾಕಲು ತಡವಾಯಿತು. ಗೈರಾಂಗರ್ ಮತ್ತು ನೆರೊಯ್ ಫಿಯೋರ್ಡುಗಳು 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬರುವವರ ಸಂಖ್ಯೆಯೂ ಬೆಳೆಯಿತು. ಗಾಳಿಯಾಡದ ದಿನಗಳಲ್ಲಿ ಹಡಗುಗಳ ಹೊಗೆ ಆ ಇಕ್ಕಟ್ಟಾದ ಕಣಿವೆಯಲ್ಲಿಯೇ ತಂಗತೊಡಗಿತು. ಶುದ್ಧವಾದ ಗಾಳಿಯನ್ನು ಹುಡುಕಿ ಬಂದವರು ಆ ಊರಿನ ಗಾಳಿಯನ್ನೇ ಕೆಡಿಸಿ ಹೋಗುವುದು ಎಂತಹ ವಿಪರ್ಯಾಸ! ಕೊನೆಗೆ ಈ ಪರಂಪರೆಯ ಫಿಯೋರ್ಡುಗಳಲ್ಲಿ ಪ್ರಯಾಣಿಕರ ಹಡಗುಗಳು ಹೊಗೆಯುಗುಳಬಾರದೆಂದು 2018ರಲ್ಲಿ ಅಲ್ಲಿನ ಸಂಸತ್ತು ನಿರ್ಧರಿಸಿತು. 10,000 ಟನ್ ಗಾತ್ರಕ್ಕಿಂತ ಚಿಕ್ಕ ಹಡಗುಗಳಿಗೆ 2026ರ ಆರಂಭದಿಂದ, ದೊಡ್ಡವುಗಳಿಗೆ 2032ರಿಂದ ಈ ನಿಯಮ ಅನ್ವಯಿಸುತ್ತದೆ. ಆತಿಥೇಯನು ಮಿತಿ ಹಾಕಿದರೆ ಅದನ್ನು ಅನಾದರವೆಂದು ಭಾವಿಸಬೇಕಾಗಿಲ್ಲ. ಅವನು ಹೇಳುವವರೆಗೆ ಕಾದದ್ದೇ ಅತಿಥಿಗಳಾದವರ ಲೋಪ.

ಓದುಗರೇ, ನಮ್ಮಲ್ಲಿ ಹಲವರು ಎಂದೂ ಫಿಯೋರ್ಡನ್ನು ಕಾಣಲಾರರು. ಕೆಲವರನ್ನು ವಿದೇಶದಲ್ಲಿರುವ ಮಕ್ಕಳು ಕರೆದೊಯ್ದಾರು. ಹೋಗುವ ಅವಕಾಶ ದೊರೆತರೆ, ಎಲ್ಲ ಬಂದರುಗಳನ್ನೂ ಮುಟ್ಟಿಬರುವ ಆತುರವನ್ನು ಸ್ವಲ್ಪ ಬದಿಗಿಡಿ. ಒಂದು ಊರಿನಲ್ಲಾದರೂ ಅಲ್ಲಿನ ಕಥೆಯನ್ನು ಕೇಳಿ. ಅಲ್ಲಿಯ ಅಂಗಡಿಯಲ್ಲಿ ಏನಾದರೂ ಕೊಳ್ಳಿ. ಮನೆಯ ಕಿಟಕಿಯತ್ತ ಕ್ಯಾಮೆರಾ ತಿರುಗಿಸುವ ಮೊದಲು ನಿಮ್ಮ ಮನೆಯ ಕಿಟಕಿಯನ್ನು ನೆನಪಿಸಿಕೊಳ್ಳಿ. ಹಿಂತಿರುಗಿದ ಮೇಲೆ ನೆರೆಯವರಿಗೆ ಚಿತ್ರಗಳನ್ನು ತೋರಿಸುವಾಗ, ಬೆಟ್ಟದ ಹೆಸರಿನ ಜೊತೆಗೆ ಆ ಬೆಟ್ಟದ ಕೆಳಗೆ ಬದುಕುವವರ ಬಗ್ಗೆಯೂ ಎರಡು ಮಾತು ಹೇಳಲು ನಿಮಗೆ ಸಾಧ್ಯವಾಗಲಿ.

ಸಂಜೆ ಕಹಳೆ ಮೊಳಗಿಸಿ ಹಡಗು ಹೊರಟ ಬಳಿಕ ಗೈರಾಂಗರ್ ಹಳ್ಳಿಯಲ್ಲಿ ಜಲಪಾತಗಳ ಸದ್ದು ಮತ್ತೆ ಕೇಳಿಬರುತ್ತದೆ. ಬಾಗಿಲು ಮುಚ್ಚುವ ಅಂಗಡಿಯಾಕೆಯ ಮನಸ್ಸಿನಲ್ಲಿ ಆಗ ಯಾವ ಭಾವ ಉಳಿಯಬೇಕು? ‘ಹೋದರಲ್ಲ, ಸದ್ಯ!’ ಎಂಬುದೋ, ‘ಒಳ್ಳೆಯವರು ಬಂದಿದ್ದರು’ ಎಂಬುದೋ? ಆರು ಗಂಟೆಯ ಅತಿಥಿಯಾದರೂ ಅದನ್ನು ತೀರ್ಮಾನಿಸುವವರು ನಾವೇ.